ಅದು ಮೈಗಳ್ಳತನ ಅಲ್ಲ, ಒಮ್ಮೆ ತೋರಿಸಿ

ತೊಗರಿ ರಾಶಿ ಮುಗಿದಾಗಿನಿಂದ ಅಣ್ಣ ಹೊಲಕ್ಕೆ ಹೋಗಿಲ್ಲ, ಎರಡು ತಿಂಗಳಿಂದ ಮಲಗೇ ಇರ್ತಾನೆ, ಮನೆಯವರು ಮೈಗಳ್ಳ ಅಂತಾರೆ, ಇದು ಖಿನ್ನತೆನಾ ಅಂತ ಕೇಳಿದ್ದೀರಿ. ನಾನು ಡಾಕ್ಟರ್ ಅಲ್ಲ. ಆದರೆ ನಮ್ಮ ಅವ್ವನಿಗೆ ಆಗಿತ್ತು. ದಿನಾ ನಸುಕಿನಲ್ಲೇ ಎದ್ದು ರೊಟ್ಟಿ ಬಡಿಯುವವಳು ಒಂದಿನ ಹಿಟ್ಟು ನಾದಿ ಸುಮ್ನೆ ಕೂತುಬಿಟ್ಟಿದ್ದಳು, ಹಂಚು ಕಾದು ಹೊಗೆ ಏಳುತ್ತಿದ್ದರೂ ಕೈ ಎತ್ತಿರಲಿಲ್ಲ. ಅಳುತ್ತಿರಲಿಲ್ಲ, ಅದಕ್ಕೇ ನಮಗೆ ತಿಳಿಯಲಿಲ್ಲ.

ಬರೀ ಬೇಜಾರಾದರೆ ನಾಲ್ಕು ದಿನ ಇದ್ದು ಹೋಗುತ್ತದೆ. ಎರಡು ವಾರ ದಾಟಿದರೂ ದಿನವಿಡೀ ಮಂಕು, ನಿದ್ದೆ ಊಟ ಕೆಟ್ಟಿದೆ, ಇಷ್ಟದ್ದೂ ಬೇಡವಾಗಿದೆ, ನಾನು ಯಾರಿಗೂ ಬೇಡ ಅಂತಾನೆ ಅಂದರೆ ತೋರಿಸಲೇಬೇಕು. ಕಲಬುರಗಿಯ ಸರ್ಕಾರಿ ದೊಡ್ಡಾಸ್ಪತ್ರೆ ಜಿಮ್ಸ್‌ನಲ್ಲಿ ಮಾನಸಿಕ ರೋಗ ವಿಭಾಗ ಇದೆ, ಬೀದರ್ ಕಡೆಯವರಾದರೆ ಅಲ್ಲಿನ ಸರ್ಕಾರಿ ಆಸ್ಪತ್ರೆ ಬ್ರಿಮ್ಸ್. ಥೈರಾಯ್ಡ್ ಕಡಿಮೆ ಇದ್ದರೂ ಹೀಗೇ ಆಗಬಹುದು, ರಕ್ತ ಪರೀಕ್ಷೆ ಬರೆದರೆ ಮಾಡಿಸಿಬಿಡಿ. ಅಣ್ಣ ಬರಲ್ಲ ಅಂದರೆ ಮೊದಲು ನೀವೇ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಹಗಲು ರಾತ್ರಿ ಇರುತ್ತದೆ, ಪುಕ್ಕಟೆ, ಕನ್ನಡದಲ್ಲೇ ಮಾತಾಡಬಹುದು.

ಗುಳಿಗೆ ಕೊಟ್ಟರೆ ಗುಣ ಕಾಣಲು ಎರಡರಿಂದ ನಾಲ್ಕು ವಾರ, ಕೆಲವರಿಗೆ ಇನ್ನೂ ಜಾಸ್ತಿ ಬೇಕು. ನಮ್ಮವ್ವ ಹತ್ತೇ ದಿನಕ್ಕೆ ಬಿಟ್ಟು ಮತ್ತೆ ಮೊದಲಿನಿಂದ ಶುರು ಮಾಡಬೇಕಾಯ್ತು. ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ. ದರ್ಗಾ, ಗುಡಿಗೂ ಹೋಗಿಬನ್ನಿ, ಬೇಡ ಅನ್ನಲ್ಲ, ಆಸ್ಪತ್ರೆ ಮಾತ್ರ ಮುಂದೂಡಬೇಡಿ.

ಇನ್ನೊಂದು. ಸಾಯಬೇಕು ಅನ್ನಿಸ್ತದಾ ಅಂತ ಅಣ್ಣನನ್ನು ನೇರವಾಗಿ ಕೇಳಿ, ಕೇಳಿದರೆ ಆ ಯೋಚನೆ ಹುಟ್ಟಲ್ಲ. ಹೌದು ಅಂದರೆ ಒಬ್ಬನನ್ನೇ ಬಿಡದೆ ಅವತ್ತೇ ಕರೆದುಕೊಂಡು ಹೋಗಿ. ತೊಗರಿಗೆ ಹೊಡೆದು ಉಳಿದ ಔಷಧದ ಡಬ್ಬಿ ಮನೆಯಲ್ಲಿದ್ದರೆ ಇವತ್ತೇ ಅವನ ಕೈಗೆ ಸಿಗದ ಹಾಗೆ ಬೇರೆ ಕಡೆ ಸಾಗಿಸಿ.