ಎಂಟನೇ ತರಗತಿಗೆ ಕೊಕ್ಕೊ ಯಾಕೆ?

ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕಿನ ಓದುಗರೊಬ್ಬರು ಸಿಟ್ಟಿನಿಂದಲೇ ಪತ್ರ ಬರೆದಿದ್ದಾರೆ. ಆ ಭಾಗದ ಸರ್ಕಾರಿ ಪ್ರೌಢಶಾಲೆಯೊಂದರ ಎಂಟನೇ ತರಗತಿ ಜೂನ್‌ನಿಂದ ದಸರೆಯವರೆಗಿನ ಅವಧಿಯನ್ನು ಹೇಗೆ ಕಳೆಯಿತು ಎಂಬ ವರದಿ ಕಳೆದ ಸಂಚಿಕೆಯಲ್ಲಿತ್ತು: ಪಾಠ, ಕೊಕ್ಕೊ, ವಾರಕ್ಕೊಮ್ಮೆ ಮಕ್ಕಳ ಕಷ್ಟಸುಖ ಕೇಳುವ ಒಂದು ಪಿರಿಯಡ್. ಇವರ ಮಗಳೂ ಎಂಟನೇ ತರಗತಿ. "ನಮ್ಮ ಜಿಲ್ಲಾ ರಿಸಲ್ಟಿನ್ಯಾಗ ತಳಕ್ಕ ಬಿದ್ದದ, ನೀವು ಆಟದ ಫೋಟೊ ಹಾಕ್ತೀರಿ. ಆ ಪಿರಿಯಡ್ ಗಣಿತಕ್ಕ ಕೊಡ್ರಿ ಅಂತ ಬರೀಬೇಕಿತ್ತು" ಎನ್ನುವುದು ಅವರ ತಕರಾರು. ಕೊನೆಗೆ ಇನ್ನೊಂದು ಮಾತು: "ಹತ್ತಿ ಬಿಡಿಸೋದು ಬಂತು, ಹದಿನೈದು ದಿನ ಸಾಲಿಗಿ ಕಳಸಂಗಿಲ್ಲ. ಆಮ್ಯಾಲ ಟ್ಯೂಷನ್‌ಗೆ ಹಾಕ್ತೀನಿ."

ಫಲಿತಾಂಶದ ಮಾತು ಸುಳ್ಳಲ್ಲ. 2024ರ ಎಸ್‌ಎಸ್‌ಎಲ್‌ಸಿಯಲ್ಲಿ ರಾಜ್ಯದ ಫಲಿತಾಂಶ ಶೇ 73.40 ಇದ್ದರೆ ಯಾದಗಿರಿಯದು ಶೇ 50.59, ಎಲ್ಲರಿಗಿಂತ ಕೊನೆ. 2025ರಲ್ಲಿ ಆ ಜಾಗಕ್ಕೆ ಕಲಬುರಗಿ ಬಂತು, ಶೇ 42.43. ಪ್ರತಿ ಸಲ ಪಟ್ಟಿ ಹೊರಬಿದ್ದಾಗ ನಾವೆಲ್ಲ ಹತ್ತನೇ ತರಗತಿಯ ಮೇಲೆ ಮುಗಿಬೀಳುತ್ತೇವೆ: ಬೆಳಗಿನ ಕ್ಲಾಸು, ಸಂಜೆಯ ಕ್ಲಾಸು, ಪಾಸಾಗಲು ಬೇಕಾದಷ್ಟನ್ನೇ ಉರುಹೊಡೆಸುವ ಪಾಸಿಂಗ್ ಪ್ಯಾಕೇಜು. ನನಗನಿಸುವಂತೆ ಹುಡುಗರು ಕೈತಪ್ಪುವುದು ಅದಕ್ಕೂ ಎರಡು ವರ್ಷ ಮೊದಲೇ.

ಏಳನೆಯದು ಮುಗಿಯುವವರೆಗೆ ಊರಿನ ಶಾಲೆ, ಗೊತ್ತಿದ್ದ ಮೇಷ್ಟ್ರು. ಎಂಟಕ್ಕೆ ಬಂದರೆ ಬಹಳ ಮಕ್ಕಳಿಗೆ ಊರೇ ಬೇರೆ, ಬಸ್ಸು ಹಿಡಿಯಬೇಕು, ವಿಷಯಕ್ಕೊಬ್ಬರು ಶಿಕ್ಷಕರು. ಜೂನ್‌ನಲ್ಲಿ ಸೇತುಬಂಧ ನಡೆಯುತ್ತದೆ, ಹಿಂದಿನ ತರಗತಿಯ ಕಲಿಕೆ ಎಲ್ಲಿ ಹರಿದಿದೆ ಎಂದು ನೋಡಿ ಹೊಲಿಯಲು. ಭಿನ್ನರಾಶಿ ಕಳೆಯಲು ಬಾರದ ಮಗುವಿಗೆ ಭಾಗಲಬ್ಧ ಸಂಖ್ಯೆಗಳ ಪಾಠ ಎಷ್ಟು ಪಿರಿಯಡ್ ಮಾಡಿದರೂ ತಲೆಗೆ ಇಳಿಯುವುದಿಲ್ಲ. ಹಾಗಾಗಿ ಪಾಲಕರ ಸಭೆಯಲ್ಲಿ ನೀವು ಕೇಳಬೇಕಾದದ್ದು ಆಟದ ಪಿರಿಯಡ್ ಕುರಿತಲ್ಲ. ಸೇತುಬಂಧದ ಕೊನೆಗೆ ನಡೆಯುವ ಸಾಫಲ್ಯ ಪರೀಕ್ಷೆಯಲ್ಲಿ ನನ್ನ ಮಗಳು ಎಲ್ಲಿ ನಿಂತಳು, ಆಮೇಲೆ ಅದಕ್ಕೆ ಯಾರು ಏನು ಮಾಡಿದರು ಎಂದು ಕೇಳಿ. ಬಹುತೇಕ ಕಡೆ ಆ ಪರೀಕ್ಷೆಯ ಹಾಳೆ ಫೈಲಿನಲ್ಲೇ ಉಳಿಯುತ್ತದೆ.

ಇನ್ನು ಕೊಕ್ಕೊ. ಎರಡು ಕಂಬ, ಒಂದಿಷ್ಟು ಸಮ ನೆಲ ಇದ್ದರೆ ಸಾಕು, ಖರ್ಚಿಲ್ಲ. ನಿಮ್ಮ ಕಡೆಯ ಎರಿ (ಕಪ್ಪು ಮಣ್ಣಿನ) ನೆಲದಲ್ಲಿ ಮಳೆಗಾಲದ ಆಟ ಎಂದರೆ ಕಾಲಿಗೆ ಅರ್ಧ ಹೊಲ ಮೆತ್ತಿಕೊಳ್ಳುವುದು. ಬಯಲಿಗೆ ಮರಂ (ಗರಸು ಮಣ್ಣು) ಹಾಕಿಸಿದ ಶಾಲೆಯಲ್ಲಷ್ಟೇ ಆಗಸ್ಟ್‌ನಲ್ಲಿ ಆಟ. ಎಂಟನೆಯ ಹುಡುಗಿಗೆ ಮೈ ಬದಲಾಗುವ ಕಾಲ. ಮನೆಯಲ್ಲಿ "ಇನ್ನ ಓಡಾಡಬ್ಯಾಡ" ಎನ್ನಲು ಶುರು ಮಾಡಿರುತ್ತಾರೆ. ಆಕೆ ಅಂಜಿಕೆ ಇಲ್ಲದೆ ಓಡುವ ಜಾಗ ಶಾಲೆಯ ಬಯಲೊಂದೇ, ಬೆಳಿಗ್ಗೆ ಬಸ್ಸು ಹತ್ತಲು ಅದೂ ಒಂದು ನೆಪ. ನಾಳೆ ಯಾರೋ ಮದುವೆ ಪ್ರಸ್ತಾಪ ತಂದಾಗ "ಆಕಿ ಟೀಮಿನ್ಯಾಗ ಅದಾಳ" ಎನ್ನುವ ಒಬ್ಬ ಶಿಕ್ಷಕಿ ಇರುವುದು ಸಣ್ಣ ಮಾತಲ್ಲ. ಆದರೆ ನಿಮ್ಮ ಸಿಟ್ಟಿನಲ್ಲಿ ಒಂದು ಪಾಲು ನನಗೂ ಇದೆ. ಕೊಕ್ಕೊ ಅಂಕಣದಲ್ಲಿ ಒಂದು ತಂಡದಿಂದ ಆಡುವುದು ಒಂಬತ್ತು ಮಂದಿ. ತಾಲ್ಲೂಕು ಕ್ರೀಡಾಕೂಟ ಹತ್ತಿರ ಬಂದರೆ ಅದೇ ಒಂಬತ್ತು ಮಂದಿಗೆ ಅಭ್ಯಾಸ, ಉಳಿದ ತರಗತಿ ಚಪ್ಪಾಳೆ ತಟ್ಟುತ್ತ ಕೂರುತ್ತದೆ. ಅದನ್ನು ಆಟದ ಪಿರಿಯಡ್ ಎನ್ನುವುದು ಕಷ್ಟ.

ಕಷ್ಟಸುಖದ ಪಿರಿಯಡ್ಡನ್ನು ನೀವು "ಶಹರದವರ ಷೋಕಿ" ಎಂದಿದ್ದೀರಿ. ಅತಿಥಿ ಬಂದು ಒಂದು ದಿನ ಭಾಷಣ ಬಿಗಿದು ಹೋಗುವ ರೀತಿಯದಾದರೆ ನಾನೂ ಹಾಗೆಯೇ ಅನ್ನುತ್ತಿದ್ದೆ. ವರದಿಯಲ್ಲಿದ್ದ ಶಿಕ್ಷಕಿ ಮಾಡಿದ್ದು ಬೇರೆ: ಬೆಳಿಗ್ಗೆ ಏನು ಉಂಡು ಬಂದಿ, ವಾರದ ಕಬ್ಬಿಣಾಂಶದ ನೀಲಿ ಗುಳಿಗೆ ನುಂಗಿದೆಯೋ ಕಿಟಕಿಯಾಚೆ ಎಸೆದೆಯೋ ಎಂದು ಒಬ್ಬೊಬ್ಬರನ್ನೇ ಕೇಳಿದ್ದು. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಹೊಟ್ಟೆ ತೊಳಸುತ್ತದೆ, ಅದಕ್ಕೇ ಎಸೆಯುತ್ತಾರೆ. ಬಿಸಿಯೂಟದ ನಂತರ ಎದುರಿಗೇ ನುಂಗಿಸಿದರೆ ಆಯಿತು. 2021ರ ಡಿಸೆಂಬರ್‌ನಲ್ಲಿ ಒಂದರಿಂದ ಎಂಟನೇ ತರಗತಿಯವರಿಗೆ ಮೊಟ್ಟೆ ಕೊಡುವ ಕೆಲಸ ಮೊದಲು ಶುರುವಾದದ್ದು ನಮ್ಮ ಭಾಗದ ಜಿಲ್ಲೆಗಳಲ್ಲಿ, ಇಲ್ಲಿನ ಮಕ್ಕಳಲ್ಲಿ ಅಪೌಷ್ಟಿಕತೆ ಹೆಚ್ಚು ಎಂಬ ಕಾರಣಕ್ಕೆ. ರಕ್ತ ಕಡಿಮೆ ಇರುವ ಹುಡುಗಿ ಮಧ್ಯಾಹ್ನದ ಗಣಿತದಲ್ಲಿ ತೂಕಡಿಸುತ್ತಾಳೆ. ನೀವು ಕೇಳುವ ಹೆಚ್ಚುವರಿ ಪಿರಿಯಡ್‌ನಲ್ಲೂ ತೂಕಡಿಸುತ್ತಾಳೆ.

ಹತ್ತಿಯ ವಿಷಯ. ವಾರದ ಒಂದೆರಡು ಆಟದ ಪಿರಿಯಡ್ ದಂಡವಾಯಿತು ಎನ್ನುವವರು ಹದಿನೈದು ಇಡೀ ದಿನಗಳನ್ನು ಒಂದೇ ಸಾಲಿನಲ್ಲಿ ಬರೆದು ಮುಗಿಸಿದ್ದೀರಿ. ಹತ್ತಿ ಒಮ್ಮೆಗೇ ಅರಳುವುದಿಲ್ಲ ಎಂಬುದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಎರಡನೇ ಸಲ ಬಿಡಿಸುವುದು ಬರುತ್ತದೆ, ಮೂರನೆಯದು ಬರುತ್ತದೆ, ಅಷ್ಟರಲ್ಲಿ ತೊಗರಿ ಕೊಯ್ಲು. ಮಗಳ ಎರಡನೇ ಅವಧಿ ಹೊಲದಲ್ಲೇ ಮುಗಿದಿರುತ್ತದೆ. ಕೂಲಿ ತುಟ್ಟಿ, ಆಳು ಸಿಗುವುದಿಲ್ಲ ಎನ್ನುವ ಕಷ್ಟ ಕಾಣುತ್ತದೆ. ಮನೆಯ ಕೆಲಸಕ್ಕೆ ಮಕ್ಕಳ ನೆರವು ಪಡೆಯಲು ಕಾನೂನು ಬಿಡುವುದು ಶಾಲೆ ಬಿಟ್ಟ ಮೇಲೆ, ಇಲ್ಲವೇ ರಜೆಯಲ್ಲಿ. ಶನಿವಾರ ಮಧ್ಯಾಹ್ನ, ಭಾನುವಾರ ಬೇಕಿದ್ದರೆ ಕರೆದುಕೊಂಡು ಹೋಗಿ. ಉಳಿದ ದಿನಕ್ಕೆ, ಟ್ಯೂಷನ್‌ಗೆಂದು ಎತ್ತಿಟ್ಟ ದುಡ್ಡಿನಲ್ಲಿ ಒಬ್ಬ ಆಳು ಸಿಗುತ್ತಾರೇನೋ ನೋಡಿ.