ಸಿಸೇರಿಯನ್ ಆಯ್ತು, ಮಗು ಹೊಟ್ಟೆ ಹಾಳಾಯ್ತು ಅಂತ ಹೆದರಿದ ಬಾಣಂತಿ

ಗುರುತು ಸಿಗಬಾರದು ಅಂತ ಮನೆಯವರ ವಿವರ ಎಲ್ಲ ಸ್ವಲ್ಪ ಆಚೀಚೆ ಮಾಡಿದೀನಿ, ಆಕೆ ಒಪ್ಪಿಗೆ ಕೇಳೇ ಬರೀತಿರೋದು. ಮೊದಲ ಹೆರಿಗೆ, ನೀರು ಮುಂಚೆನೇ ಹೋಗಿ ನೋವು ಮುಂದುವರೀದೆ ಸಿಸೇರಿಯನ್ ಆಯ್ತು, ಮಗುಗೆ ಸೋಂಕಿರಬಹುದು ಅಂತ ನವಜಾತ ಶಿಶುಗಳ ತೀವ್ರ ನಿಗಾ ಘಟಕ, ಅಂದ್ರೆ ಎನ್‌ಐಸಿಯುನಲ್ಲಿಟ್ಟು ಆಂಟಿಬಯೋಟಿಕ್ ಕೊಟ್ರು, ಇವಳಿಗೆ ಹಾಲು ಇಳಿಯೋ ಹೊತ್ತಿಗೆ ಪೌಡರ್ ಹಾಲು ಶುರುವಾಗಿಬಿಟ್ಟಿತ್ತು. ನನ್ನ ಹತ್ರ ಬಂದಾಗ ಮಗುಗೆ ಎರಡೂವರೆ ತಿಂಗಳು. ಬಾಣಂತನ ಮಾಡ್ತಿದ್ದ ತಾಯಿನೂ ಜೊತೆಗಿದ್ರು.

ಕೈಯಲ್ಲೊಂದು ಚೀಲ. ಅದ್ರೊಳಗೆ ಎರಡು ಥರದ ಪ್ರೊಬಯೋಟಿಕ್ ಡ್ರಾಪ್ಸ್ (ಕರುಳಿಗೆ ಒಳ್ಳೇದು ಅಂತ ಬ್ಯಾಕ್ಟೀರಿಯಾನೇ ಹಾಕಿರೋ ಡ್ರಾಪ್ಸ್), ಗ್ರೈಪ್ ವಾಟರ್, ಹರಳೆಣ್ಣೆ ಸೀಸೆ, ಆಮೇಲೆ ಮಗು ಮಲ ಟೆಸ್ಟ್ ಮಾಡಿ 'ಗಟ್ ರಿಪೋರ್ಟ್', ಅಂದ್ರೆ ಕರುಳಿನ ರಿಪೋರ್ಟ್, ಕೊಡ್ತೀವಿ ಅನ್ನೋ ಯಾವುದೋ ಕಂಪನಿ ಜಾಹೀರಾತು. "ಮೇಡಂ, ಸಿಸೇರಿಯನ್ ಮಕ್ಕಳಿಗೆ ಒಳ್ಳೆ ಬ್ಯಾಕ್ಟೀರಿಯಾನೇ ಬರಲ್ವಂತೆ, ಮುಂದೆ ಆಸ್ತಮಾ ಅಲರ್ಜಿ ಎಲ್ಲ ಗ್ಯಾರಂಟಿಯಂತೆ, ನಾನೇ ಇನ್ನೊಂದು ಸ್ವಲ್ಪ ತಡ್ಕೊಂಡಿದ್ರೆ ನಾರ್ಮಲ್ ಆಗ್ತಿತ್ತೇನೋ" ಅಂತ ಅಳೋಕೆ ಶುರು ಮಾಡಿದ್ಲು. ಸಂಜೆ ಆದ್ರೆ ಮಗು ಕಿರುಚುತ್ತೆ, ನಾಕು ದಿನಕ್ಕೊಂದ್ಸಲ ಕಕ್ಕ ಮಾಡುತ್ತೆ, ಅದಕ್ಕೆ ಅಜ್ಜಿ ಹರಳೆಣ್ಣೆ ನೆಕ್ಕಿಸ್ತಿದ್ರು. ಇದೆಲ್ಲಕ್ಕಿಂತ ನನಗೆ ದಿಗಿಲಾಗಿದ್ದು ಬೇರೆ: ಹೊಟ್ಟೆ ಮೊದ್ಲೇ ಸೂಕ್ಷ್ಮ ಅಂತ ಆರು ವಾರಕ್ಕೆ ಹಾಕೋ ರೋಟಾವೈರಸ್ ಭೇದಿ ತಡೆಯೋ ಲಸಿಕೆ ಡ್ರಾಪ್ಸೇ ಹಾಕಿಸಿರ್ಲಿಲ್ಲ.

ಮೊದ್ಲು ಮಗುನ ತೂಕ ಹಾಕಿದ್ವಿ. ಹುಟ್ಟಿದಾಗ 2.8 ಕೆಜಿ ಇತ್ತು, ಈಗ 4.6. ದಿನಕ್ಕೆ ಏಳೆಂಟು ಸಲ ಉಚ್ಚೆ ಮಾಡುತ್ತೆ, ಹೊಟ್ಟೆ ಮೆತ್ತಗಿದೆ, ಕಕ್ಕ ಹಳದಿಯಾಗಿ ಮೆತ್ತಗೇ ಬರುತ್ತೆ. ಅಂದ್ಮೇಲೆ ನಾಕು ದಿನಕ್ಕೊಂದ್ಸಲ ಅನ್ನೋದು ಮಲಬದ್ಧತೆ ಅಲ್ಲ, ಆರು ವಾರ ದಾಟಿದ, ಎದೆಹಾಲು ಕುಡಿಯೋ ಮಕ್ಕಳಲ್ಲಿ ಇದು ಎಷ್ಟೋ ಸಲ ಹೀಗೇ ಆಗುತ್ತೆ. ಸಂಜೆ ಅಳುನೂ ಅಷ್ಟೇ, ಸುಮಾರು ಆರು ವಾರಕ್ಕೆ ಜಾಸ್ತಿಯಾಗಿ ಮೂರು ನಾಕು ತಿಂಗಳಿಗೆ ಇಳಿಯೋ ಅಳು. ಹರಳೆಣ್ಣೆ ಅವತ್ತೇ ನಿಲ್ಸಿ ಅಂದೆ.

ಆಮೇಲೆ ಅವಳ ಪ್ರಶ್ನೆಗೆ ಬಂದ್ವಿ. ಅವಳು ಓದಿದ್ದು ಪೂರ್ತಿ ಸುಳ್ಳಲ್ಲ, ಅರ್ಧಕ್ಕೇ ನಿಲ್ಸಿದ ನಿಜ. 2019ರಲ್ಲಿ ಬ್ರಿಟನ್ನಿನಲ್ಲಿ ಸುಮಾರು 600 ಮಕ್ಕಳ ಮಲ ಪರೀಕ್ಷೆ ಮಾಡಿದ ಅಧ್ಯಯನ ಬಂತು. ಸಿಸೇರಿಯನ್ ಮಕ್ಕಳಲ್ಲಿ ಶುರುವಿನಲ್ಲಿ ಬ್ಯಾಕ್ಟೀರಾಯ್ಡಿಸ್ ಅನ್ನೋ ಗುಂಪು ತುಂಬ ಕಮ್ಮಿ, ಆಸ್ಪತ್ರೆಗಳಲ್ಲಿ ಇರೋಂಥ ಬ್ಯಾಕ್ಟೀರಿಯಾ ಜಾಸ್ತಿ ಸಿಕ್ಕಿದ್ದು ಹೌದು. ಆದ್ರೆ ಮಕ್ಕಳು ಸ್ವಲ್ಪ ದೊಡ್ಡವಾಗಿ ಊಟ ಶುರುವಾಗೋ ಹೊತ್ತಿಗೆ ಈ ವ್ಯತ್ಯಾಸ ಬಹಳಷ್ಟು ಕರಗಿಹೋಗಿತ್ತು ಅನ್ನೋದೂ ಅದೇ ಅಧ್ಯಯನದಲ್ಲಿದೆ, ಅದನ್ನ ಯಾವ ರೀಲ್ಸೂ ಹೇಳಲ್ಲ. ಇನ್ನೊಂದು, ತಾಯಿಯಿಂದ ಮಗುಗೆ ಬರೋ ಈ ಬ್ಯಾಕ್ಟೀರಿಯಾ ಮುಖ್ಯವಾಗಿ ತಾಯಿ ಕರುಳಿಂದು, ಯೋನಿಯದ್ದಲ್ಲ ಅಂತಾನೂ ಅದ್ರಲ್ಲಿ ಕಂಡುಬಂತು. ಹಾಗಾಗಿ ಹತ್ತಿಬಟ್ಟೆಯಲ್ಲಿ ಯೋನಿದ್ರವ ಒರೆಸಿ ಮಗುಗೆ ಸವರೋದು ಅಂತ ಒಂದು ಫ್ಯಾಷನ್ ಹೊರಟಿದೆಯಲ್ಲ, ಅದು ಬೇಡವೇ ಬೇಡ, ಸೋಂಕು ದಾಟೋ ಅಪಾಯ ಬೇರೆ. ಆಸ್ತಮಾ ವಿಷಯದಲ್ಲಿ ಅಧ್ಯಯನಗಳು ತೋರಿಸಿರೋದು ಇಂಥ ಹೆರಿಗೆಗೂ ಅದಕ್ಕೂ ಒಂದು ನಂಟು ಕಾಣುತ್ತೆ ಅಂತ ಅಷ್ಟೇ, ಗ್ಯಾರಂಟಿ ಅನ್ನೋ ಮಾತೇ ಇಲ್ಲ. ಆಂಟಿಬಯೋಟಿಕ್ ಬಗ್ಗೆ ನಾನು ಗಟ್ಟಿಯಾಗೇ ಹೇಳಿದೆ: ನವಜಾತ ಶಿಶುಗೆ ರಕ್ತದ ಸೋಂಕಾದ್ರೆ ಜೀವಕ್ಕೇ ಬರುತ್ತೆ, ಅವತ್ತು ಡಾಕ್ಟ್ರು ಮಾಡಿದ್ದು ಸರಿ. ಮುಂದೆ ಬರೀ ನೆಗಡಿಗೆ ಮೆಡಿಕಲ್ ಶಾಪಿಂದ ಆಂಟಿಬಯೋಟಿಕ್ ಸಿರಪ್ ತಂದು ಹಾಕ್ಬೇಡಿ, ಜೋಪಾನ ಮಾಡ್ಬೇಕಾಗಿರೋದು ಅಲ್ಲಿ.

ಈಗ ಕೈಲಿರೋದು ಎದೆಹಾಲು. ಅದ್ರಲ್ಲಿ ನೂರಕ್ಕೂ ಹೆಚ್ಚು ಥರದ ವಿಶೇಷ ಸಕ್ಕರೆಗಳಿವೆ, ಅವನ್ನ ಅರಗಿಸಿಕೊಳ್ಳೋ ಶಕ್ತಿ ಮಗುಗೇ ಇಲ್ಲ! ಹಾಗಾದ್ರೆ ಯಾಕಿವೆ ಅಂದ್ರೆ ಅವು ಕರುಳಲ್ಲಿರೋ ಬಿಫಿಡೊಬ್ಯಾಕ್ಟೀರಿಯಾ ಅನ್ನೋ ಒಳ್ಳೆ ಬ್ಯಾಕ್ಟೀರಿಯಾಗೆ ಊಟ. ಈ ಬ್ಯಾಕ್ಟೀರಿಯಾ ಅದನ್ನ ತಿಂದು ಆಮ್ಲ ಬಿಡ್ತಾವೆ, ಆ ಹುಳಿಯಲ್ಲಿ ಎಷ್ಟೋ ಕೆಟ್ಟ ಬ್ಯಾಕ್ಟೀರಿಯಾ ಬೆಳೆಯೋಕೆ ಆಗಲ್ಲ. ಇದನ್ನ ಕೇಳಿ ಅಜ್ಜಿ "ಹಂಗಾದ್ರೆ ತಾಯಿ ಹಾಲು ಮಗುಗೂ ಊಟ, ಹುಳಕ್ಕೂ ಊಟ" ಅಂದ್ರು, ನಾನು ಹುಳ ಅಲ್ಲಮ್ಮ ಅಂತ ತಿದ್ದೋಕೆ ಹೋಗ್ಲಿಲ್ಲ, ವಿಷಯ ಅರ್ಥ ಆಗಿತ್ತಲ್ಲ.

ಹಾಲು ಕಮ್ಮಿ ಅನ್ನೋ ದೂರಿತ್ತು. ಕುಡಿಸೋದು ನೋಡಿದ್ರೆ ಮಗು ಬರೀ ತೊಟ್ಟು ಕಚ್ಚುತ್ತಿತ್ತು, ಸುತ್ತಲಿನ ಕಪ್ಪು ಭಾಗ ಬಾಯೊಳಗೆ ಹೋಗ್ತಾನೇ ಇರ್ಲಿಲ್ಲ. ಹಿಡಿಯೋ ರೀತಿ ಸರಿಮಾಡಿ, ದಿನಕ್ಕೆ ಎಂಟರಿಂದ ಹನ್ನೆರಡು ಸಲ, ರಾತ್ರಿನೂ ಬಿಡದೆ ಮೊದಲು ಎದೆಗೆ ಹಾಕಿ ಅಂದೆ. ಪೌಡರ್ ಹಾಲು ಒಂದೇ ಸಲಕ್ಕೆ ನಿಲ್ಸಬೇಡಿ, ವಾರವಾರ ತೂಕ ನೋಡ್ಕೊಂಡು ಇಳಿಸೋಣ, ಪೂರ್ತಿ ಬಿಡೋಕೆ ಆಗ್ಲಿಲ್ಲ ಅಂದ್ರೂ ಪರವಾಗಿಲ್ಲ, ಸಿಕ್ಕಷ್ಟು ಎದೆಹಾಲೂ ಲೆಕ್ಕಕ್ಕೆ ಬರುತ್ತೆ.

ಡ್ರಾಪ್ಸ್ ವಿಷಯಕ್ಕೆ ಬಂದ್ರೆ ಪ್ರೊಬಯೋಟಿಕ್ ಎಲ್ಲ ಮೋಸ ಅಂತ ನಾನು ಹೇಳಲ್ಲ. ಒಡಿಶಾದ ಹಳ್ಳಿಗಳಲ್ಲಿ 4,500ಕ್ಕೂ ಹೆಚ್ಚು ನವಜಾತ ಮಕ್ಕಳ ಮೇಲೆ ಟ್ರಯಲ್ ಮಾಡಿ, ಅರ್ಧ ಮಕ್ಕಳಿಗೆ ಏಳು ದಿನ ಲ್ಯಾಕ್ಟೊಬ್ಯಾಸಿಲಸ್ ಅನ್ನೋ ಬ್ಯಾಕ್ಟೀರಿಯಾದ ಒಂದು ನಿರ್ದಿಷ್ಟ ತಳಿ ಕೊಟ್ರು, ಸೆಪ್ಸಿಸ್ (ಮೈಯೆಲ್ಲ ಹರಡೋ ತೀವ್ರ ಸೋಂಕು) ಮತ್ತು ಸಾವು ಸೇರಿ ಕೊಡದ ಮಕ್ಕಳಲ್ಲಿ ಶೇ. 9 ಇದ್ದದ್ದು ಕೊಟ್ಟ ಮಕ್ಕಳಲ್ಲಿ ಶೇ. 5.4 ಇತ್ತು, 2017ರಲ್ಲಿ ಪ್ರಕಟವಾಯ್ತು. ಆದ್ರೆ ಅದು ಆ ತಳಿ, ಆ ಡೋಸ್, ಹುಟ್ಟಿದ ಮೊದಲ ವಾರದ ಮಾತು. ಇವಳ ಚೀಲದಲ್ಲಿದ್ದ ಬಾಟ್ಲಿ ಮೇಲೆ ತಳಿ ಹೆಸರೂ ಸರಿಯಾಗಿರ್ಲಿಲ್ಲ. ಅವಧಿಗೆ ಮುಂಚೆ ಹುಟ್ಟಿದ ಮಕ್ಕಳಿಗೆ ಇವುಗಳಿಂದ ರಕ್ತದ ಸೋಂಕಾಗೋ ಅಪಾಯ ಇದೆ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2023ರಲ್ಲಿ ಎಚ್ಚರಿಕೆ ಕೊಟ್ಟಿದೆ. ಮಕ್ಕಳ ಡಾಕ್ಟ್ರು ಬರೆದುಕೊಟ್ರೆ ಮಾತ್ರ ಹಾಕಿ ಅಂದೆ. ಮಲದ ಟೆಸ್ಟಿಗೆ ದುಡ್ಡು ಕಟ್ಟಬೇಡಿ, ರಿಪೋರ್ಟ್ ಬಂದ್ಮೇಲೆ ಮಾರೋಕೆ ಅವರ ಹತ್ರ ಇನ್ನೊಂದು ಬಾಟ್ಲಿ ಇದ್ದೇ ಇರುತ್ತೆ.

ಜೇನಿನ ವಿಷಯದಲ್ಲಿ ಜಗಳವೇ ಆಯ್ತು. ನಾಮಕರಣದ ದಿನ ಬಜೆ ತೇಯ್ದು ಜೇನಲ್ಲಿ ನೆಕ್ಕಿಸ್ಬೇಕು ಅಂತ ಅತ್ತೆ ಫೋನಲ್ಲಿ ಹಠ. ಜೇನಲ್ಲಿ ಬಾಟುಲಿಸಂ ಅನ್ನೋ, ಮೈ ಸೋತು ಉಸಿರಿಗೇ ಕಷ್ಟ ಆಗಬಹುದಾದ ಕಾಯಿಲೆ ರೋಗಾಣುವಿನ ಬೀಜಕಣ ಇರಬಹುದು, ದೊಡ್ಡವರ ಕರುಳಲ್ಲಿ ತುಂಬಿರೋ ಬ್ಯಾಕ್ಟೀರಿಯಾ ಅದನ್ನ ಮೊಳೆಯೋಕೆ ಬಿಡಲ್ಲ, ಮಗು ಕರುಳಲ್ಲಿ ಇನ್ನೂ ಆ ಕಾವಲಿಲ್ಲ, ವರ್ಷ ತುಂಬೋವರೆಗೂ ಒಂದು ತೊಟ್ಟೂ ಬೇಡ ಅಂತ ಸ್ಪೀಕರ್ ಆನ್ ಮಾಡಿ ನಾನೇ ಹೇಳಿದೆ. "ನಮ್ ಮಕ್ಕಳೆಲ್ಲ ಜೇನು ತಿಂದೇ ಬೆಳೆದ್ರಲ್ಲ ಮೇಡಂ" ಅಂದ್ರು. ಕೊನೆಗೆ ಬಜೆನೂ ಬೇಡ, ಶಾಸ್ತ್ರಕ್ಕೆ ತಾಯಿ ಹಾಲೇ ಒಂದು ಹನಿ ಬಂಗಾರದ ಉಂಗುರದಲ್ಲಿ ಮುಟ್ಟಿಸೋಣ, ಉಂಗುರ ಚೆನ್ನಾಗಿ ಕುದಿಸಿ ಅನ್ನೋಕೆ ಒಪ್ಪಿದ್ರು.

ರೋಟಾ ಡ್ರಾಪ್ಸ್ ಅದೇ ವಾರ ಸರ್ಕಾರಿ ಆಸ್ಪತ್ರೇಲಿ ಹಾಕಿಸಿದ್ರು. ಜ್ವರ, ಮಲದಲ್ಲಿ ರಕ್ತ, ಹಸಿರು ವಾಂತಿ, ಹಾಲು ಕುಡೀದೆ ಮಂಕಾಗಿರೋದು, ಇದ್ರಲ್ಲಿ ಯಾವ್ದೇ ಕಂಡ್ರೂ ನನಗೆ ಫೋನ್ ಮಾಡ್ತಾ ಕೂರದೆ ಸೀದಾ ಆಸ್ಪತ್ರೆಗೆ ಹೋಗಿ ಅಂತ ಚೀಟಿ ಬರೆದುಕೊಟ್ಟಿದೀನಿ. ಈಗ ಪೌಡರ್ ಹಾಲು ದಿನಕ್ಕೆ ಒಂದೇ ಸಲ, ಸಂಜೆ ಅಳುನೂ ಕಮ್ಮಿ. ಅಜ್ಜಿದು ಹೊಸ ಪ್ರಶ್ನೆ, ರಾಗಿ ಸರಿ ನಾಕು ತಿಂಗಳಿಗೇ ಶುರು ಮಾಡ್ಲಾ ಅಂತ. ಆರು ತಿಂಗಳು ತುಂಬ್ಲಿ ಅಂದಿದೀನಿ.