ಮುಂಬೈಯಲ್ಲಿ ಫಿಸಿಯೋಥೆರಪಿ ಸೀಟಿಗೆ ಅರ್ಜಿ ಗಟ್ಟಿಯಾಗಿರಬೇಕಾದರೆ ಏನು ಮಾಡಬೇಕು?

ಮಗಳು ಡೊಂಬಿವಲಿಯಲ್ಲಿ ಹನ್ನೊಂದನೇ ಸೈನ್ಸ್. ಫಿಸಿಯೋಥೆರಪಿ ಅರ್ಜಿಗೆ ಪ್ರಬಂಧ, ಆಸ್ಪತ್ರೆಯಲ್ಲಿ ಸೇವೆ ಮಾಡಿದ ಪತ್ರ ಬೇಕೇ ಎಂದು ಕೇಳಿದ್ದೀರಿ. ಅವು ಹೊರದೇಶದ ಕಾಲೇಜುಗಳ ಪದ್ಧತಿ. ಇಲ್ಲಿ ಬಿಪಿಟಿಎಚ್, ಅಂದರೆ ಫಿಸಿಯೋಥೆರಪಿ ಪದವಿಯ ಸೀಟು ಹಂಚುವುದು ರಾಜ್ಯದ ಪ್ರವೇಶ ನೋಡಿಕೊಳ್ಳುವ ಸಿಇಟಿ ಸೆಲ್, ನೀಟ್ ಅಂಕ ನೋಡಿ. ಪರೇಲಿನ ಕೆಇಎಂ, ಸಯನ್, ನಾಯರ್ ಆಸ್ಪತ್ರೆಗಳ ಕಾಲೇಜಿನ ಸೀಟಿಗೂ ಅದೇ ದಾರಿ.

ನೀಟ್‌ನ 720 ಅಂಕದಲ್ಲಿ ಬಯಾಲಜಿಯೊಂದೇ 360. ಕನ್ನಡ ಪ್ರಶ್ನೆಪತ್ರಿಕೆ ಸಿಗುವುದು ಕರ್ನಾಟಕದ ಕೇಂದ್ರಗಳಲ್ಲಿ ಮಾತ್ರ. ಕನ್ನಡ ಮಾಧ್ಯಮದಲ್ಲಿ ಓದಿದ ಮಗುವಾದರೆ ಇಂಗ್ಲಿಷ್ ಪದಗಳನ್ನು ಈಗಿನಿಂದಲೇ ರೂಢಿ ಮಾಡಿಸಿ.

ಅಂಕ ಇದ್ದೂ ಇಲ್ಲಿನ ನಮ್ಮ ಕನ್ನಡದವರು ಎಡವುವುದು ಕಾಗದಪತ್ರದಲ್ಲಿ. ರಾಜ್ಯದ ಕೋಟಾಕ್ಕೆ ಹತ್ತು, ಹನ್ನೆರಡು ಎರಡನ್ನೂ ಮಹಾರಾಷ್ಟ್ರದಲ್ಲೇ ಪಾಸಾಗಿರಬೇಕು. ಪಿಯುಸಿಗೆಂದು ಮಂಗಳೂರಿಗೆ ಕಳಿಸಿದರೆ ಈ ಹಕ್ಕು ಹೋಯಿತು. ಡೊಮಿಸೈಲ್, ಅಂದರೆ ರಾಜ್ಯದ ನಿವಾಸಿ ಎಂಬ ಪತ್ರ ಕೂಡ ಬೇಕು. ಹೆರಿಗೆಗೆ ತವರಿಗೆ ಹೋಗುವ ರೂಢಿಯಿಂದ ಎಷ್ಟೋ ಮಕ್ಕಳ ಜನನಪತ್ರ ಉಡುಪಿಯದೋ ಕುಂದಾಪುರದ್ದೋ ಇರುತ್ತದೆ. ಅದಕ್ಕೆ ಗಾಬರಿ ಬೇಡ, ಇಲ್ಲೇ ಬೆಳೆದದ್ದಕ್ಕೆ ಶಾಲೆಯ ದಾಖಲೆ, ರೇಷನ್ ಕಾರ್ಡ್, ಹಳೆಯ ಲೈಟ್ ಬಿಲ್ ಜೋಡಿಸಿ.

ಹೆಸರನ್ನು ಅಕ್ಷರ ಅಕ್ಷರ ತಾಳೆ ನೋಡಿ. ಹತ್ತನೆಯ ಮಾರ್ಕ್‌ಶೀಟಿನಲ್ಲಿ ಅಡ್ಡಹೆಸರು ಮೊದಲು, ಆಧಾರ್‌ನಲ್ಲಿ ಬರೀ ಇನಿಶಿಯಲ್. ಒಂದು ಕಡೆ ಪೂಜಾರಿಗೆ ಕೊನೆಯಲ್ಲಿ ಐ, ಇನ್ನೊಂದು ಕಡೆ ವೈ. ನೀಟ್ ಫಾರ್ಮ್ ತುಂಬುವ ಮೊದಲೇ ಆಧಾರ್ ಸರಿಪಡಿಸಿ, ಮಾರ್ಕ್‌ಶೀಟನ್ನೇ ಆಧಾರವಾಗಿಟ್ಟುಕೊಂಡು.

ಮೀಸಲಾತಿ ಕೇಳುವುದಾದರೆ ಕರ್ನಾಟಕದ ಜಾತಿಪತ್ರ ಇಲ್ಲಿ ನಡೆಯುವುದಿಲ್ಲ. ಒಬಿಸಿಗೆ ಕುಟುಂಬ 1967ರ ಅಕ್ಟೋಬರ್ 13ಕ್ಕೆ ಮೊದಲೇ ಮಹಾರಾಷ್ಟ್ರದಲ್ಲಿತ್ತು ಎಂಬ ಪುರಾವೆ ಬೇಕು. ಅಜ್ಜನ ಶಾಲೆಯ ದಾಖಲೆಯೋ ಮಿಲ್ಲಿನ ಕಾಗದವೋ ಇದ್ದರೆ ಈಗಲೇ ಹುಡುಕಿ. ಜಾತಿಪತ್ರ ಸಿಕ್ಕರೂ ಸಾಲದು, ವ್ಯಾಲಿಡಿಟಿ, ಅಂದರೆ ಆ ಪತ್ರದ ಸರಕಾರಿ ಪರಿಶೀಲನೆ ಆಗಬೇಕು. ಅದಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ, ಕಾಲೇಜಿನ ಮೂಲಕ ಬೇಗ ಹಾಕಿಸಿ. ಕುಟುಂಬದ ಆದಾಯ ಮಿತಿಯೊಳಗಿದೆ ಎಂಬ ನಾನ್ ಕ್ರೀಮಿಲೇಯರ್ ಪತ್ರ ಹಳೆಯದಾಗಿರಬಾರದು.

ಕಾಲೇಜುಗಳ ಪಟ್ಟಿಯನ್ನು ಮನಸ್ಸಿನ ಇಷ್ಟದ ಕ್ರಮದಲ್ಲೇ ತುಂಬಿ. ಸಿಗಲಿಕ್ಕಿಲ್ಲ ಎಂದು ಕೆಇಎಂ ಕೆಳಗೆ ಹಾಕಿದರೆ ಲಾಭವೇನಿಲ್ಲ. ಮೇಲಿನದು ಸಿಗದಿದ್ದರೆ ಕಂಪ್ಯೂಟರ್ ತಾನೇ ಕೆಳಗಿನದಕ್ಕೆ ಇಳಿಯುತ್ತದೆ. ಸೀಟು ಸಿಕ್ಕಿ ಸೇರುವಾಗ ಸ್ಟೇಟಸ್ ರಿಟೆನ್ಷನ್ ಫಾರ್ಮ್, ಅಂದರೆ ಇದೇ ಸೀಟು ಸಾಕು ಎಂಬ ಒಪ್ಪಿಗೆ ಮುಂದಿಡುತ್ತಾರೆ. ಅದಕ್ಕೆ ಸಹಿ ಹಾಕಿದರೆ ಸೀಟು ಹಂಚುವ ಮುಂದಿನ ಸುತ್ತಿನಲ್ಲಿ ನಿಮ್ಮ ಹೆಸರಿಲ್ಲ, ಓದದೆ ಹಾಕಬೇಡಿ. ಮೂಲಪತ್ರಗಳು ಕಾಲೇಜಿನಲ್ಲೇ ಉಳಿಯುತ್ತವೆ, ಮುಂಚೆಯೇ ನಾಲ್ಕೈದು ಸೆಟ್ ಝೆರಾಕ್ಸ್ ಮಾಡಿಸಿಡಿ.